ಅರ್ಧ ನಿಮಿಷದ ಬೆಳಕು

ಗದ್ವಾಲದ ಒಂದು ಚರ್ಮದ ದವಾಖಾನಿಯೊಳಗ ಸೋರಿಯಾಸಿಸ್‌ಗೆ ಬೆಳಕು ಕೊಡೋ ಮೆಷಿನ್ ನಡಸಾಕಿ ನಾನು. ಬಟನ್ ಒತ್ತೋದಷ್ಟೇ ನನ್ನ ಕೆಲಸ, ನಗಸೋ ಕೆಲಸ ಇಲ್ಲಿಗೆ ಬರೋ ಪ್ಯಾಶೆಂಟ್‌ಗಳದು. ಈ ಸಲ ನಗಿಸಿದಾತ ರಾಜೋಳಿಯ ಒಬ್ಬ ನೇಕಾರ.

ಆತನ ಅಂಗೈ ಒಡೆದು ಪದರು ಪದರು ಎದ್ದಿತ್ತು. ರೇಷ್ಮೆ ಮುಟ್ಟಿದ್ರ ಎಳಿ ಸಿಕ್ಕೊಂಡು ಹರೀತಿತ್ತು. ಹೆಂಡ್ತಿ ಮಗ್ಗದ ಹತ್ರ ಬರಗೊಡ್ತಿರಲಿಲ್ಲ.

"ಮಗಳ ಮದುವಿ ಸೀರಿ ನಾನೇ ನೇಯಬೇಕ್ರಿ ಅಕ್ಕಾ," ಅಂದ.

"ನೇಯ್ತೀರಿ, ನಾ ಅದೀನಲ್ಲ," ಅಂದೆ. ನನ್ನ ಮೆಷಿನ್ ಮ್ಯಾಲೆ ನನಗ ಅಷ್ಟು ಧೈರ್ಯ.

೧. ಇಷ್ಟೇನಾ?

ಮೊದಲ ದಿನ ಡಾಕ್ಟರು ಬರೆದದ್ದು ಅರ್ಧ ನಿಮಿಷ. ಕಣ್ಣಿಗೆ ಕರಿ ಕನ್ನಡಕ ಹಾಕಿಸಿ, ಅಂಗೈ ದೀಪದ ಮುಂದ ಇಡಿಸಿದೆ. ದೀಪ ಹತ್ತಿತು, ಆರಿತು. ಆತ ಕೈ ತೆಗೀಲೇ ಇಲ್ಲ.

"ಆತ್ರಿ, ಏಳ್ರಿ."

"ಏನಾತು?"

"ಬೆಳಕು ಕೊಟ್ಟಾತು."

"ಎರಡು ಬಸ್ ಹತ್ತಿ ಬಂದೀನಿ ಅಕ್ಕಾ. ಕಂಡಕ್ಟರ್ ಟಿಕೆಟ್ ಕೊಡಾಕೂ ಇದಕ್ಕಿಂತ ಹೊತ್ತು ಹಿಡೀತಾನ."

೨. ಉಳಿದ ಪಾಲು

ಎರಡು ದಿನ ಬಿಟ್ಟು ಬಂದಾಗ ಅಂಗೈ ಕೆಂಪಗ ಸುಟ್ಟಿತ್ತು. ಏನು ಮಾಡಿದ್ರಿ ಅಂತ ಕೇಳಿದೆ.

"ನೀವು ಕೊಟ್ಟದ್ದು ಕಮ್ಮಿ ಆತಂತ, ಉಳಿದದ್ದು ಮಾಳಿಗಿ ಮ್ಯಾಲೆ ಬಿಸಿಲಿಗೆ ಹಿಡಿದು ತುಂಬಿಸಿಕೊಂಡೆ."

ನನಗ ಸಿಟ್ಟು ನೆತ್ತಿಗೇರಿತು. "ಬಣ್ಣ ಹಾಕಿದ ರೇಷ್ಮೆ ಎಲ್ಲಿ ಒಣಗಸ್ತೀರಿ?"

"ನೆರಳಿನ್ಯಾಗ್ರಿ. ಬಿಸಿಲಿಗೆ ಬಣ್ಣ ಹಾಳಾಗ್ತೈತಿ."

"ಮತ್ತ ಕೈ?"

ಆತ ಅಂಗೈ ತಿರುವಿ ನೋಡಿಕೊಂಡ. "ಇದು ಮಾರೋ ಮಾಲಲ್ಲಲ್ರೀ."

ಡಾಕ್ಟರು ವಾರಗಟ್ಟಲೆ ಬೆಳಕು ನಿಲ್ಲಿಸಿದ್ರು. ಮದುವಿ ಹತ್ರ ಬರಾಕತ್ತಿತ್ತು. ಪಾಪ, ಮುಖ ಸಣ್ಣದು ಮಾಡಿಕೊಂಡು ಹೋದ. ಬೆಳಕು ಮತ್ತ ಶುರುವಾದ ಮ್ಯಾಲೆ ಮಾತ್ರ ವಾರಕ್ಕ ಮೂರು ಸಲ ಬರೋದು ತಪ್ಪಿಸಲಿಲ್ಲ.

೩. ಹೆಂಡ್ತಿ ಪರೀಕ್ಷೆ

ಮೂರು ತಿಂಗಳಿಗೆ ಅಂಗೈ ನುಣ್ಣಗಾತು. ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ, "ಚಲೋ ಆಗೈತಿ. ತಿರುಗಿ ಬರಬಹುದು, ನಿಗಾ ಇರಲಿ," ಅಂದ್ರು.

ಜೋಡಿ ಬಂದಿದ್ದ ಹೆಂಡ್ತಿ ಒಪ್ಪಲಿಲ್ಲ. ಸೆರಗಿನ ಗಂಟು ಬಿಚ್ಚಿ ರೇಷ್ಮೆ ಎಳಿ ತೆಗೆದು, ಗಂಡನ ಅಂಗೈ ಮ್ಯಾಲೆ ಮೆಲ್ಲಕ ಎಳೆದಳು. ಎಳಿ ಎಲ್ಲೂ ಸಿಕ್ಕೊಳ್ಳಲಿಲ್ಲ. ಮತ್ತೊಮ್ಮೆ ಎಳೆದಳು.

"ಮದುವಿ ಸೀರಿಗೆ ನಾಳೆ ಮಗ್ಗಕ್ಕ ಕುಂದರ್ರಿ," ಅಂದಳು. ಆತನ ಕಣ್ಣಾಗ ನೀರು ಬಂತು, ನನಗೂ ಬಂತು.

"ನೋಡಿದ್ರ್ಯಾ ನಮ್ಮ ಕೆಲಸ?" ಅಂತ ನಾನು ಜಂಬದಿಂದ ಕೈ ಚಾಚಿದೆ. ಪ್ರತಿ ಪ್ಯಾಶೆಂಟಿಗೊಮ್ಮೆ ಸಾಬೂನು ಹಚ್ಚಿ ತೊಳೆದು ಬಿರಿದ ಕೈ ಅದು. ಆಕಿ ಅದರ ಮ್ಯಾಲೂ ಎಳಿ ಎಳೆದಳು. ಸಿಕ್ಕೊಂಡು ಪಟಕ್ಕಂತ ಹರೀತು.

ಗಂಡ ಮೇಜಿನ ಮ್ಯಾಲಿದ್ದ ಕರಿ ಕನ್ನಡಕ ತಂದು ನನ್ನ ಕೈಯಾಗಿಟ್ಟ.

"ಹಾಕ್ಕೋರಿ ಅಕ್ಕಾ, ಅರ್ಧ ನಿಮಿಷ ಅಷ್ಟೇ. ಉಳಿದದ್ದು ಬಿಸಿಲಿಗೆ ಹೋಗಿ ತುಂಬಿಸಿಕೋಬ್ಯಾಡ್ರಿ ಮತ್ತ."