ಮುಳುಗದ ಜಾಗ ಹುಡುಕಿದ ಅತ್ತೆ

ನಮ್ಮ ಸೋದರತ್ತೆ ರಸ್ತೆಯ ತಿರುವಿನಲ್ಲಿ ಕಂಡರೆ ಸಾಕು, ಸಾಗರದ ನಮ್ಮ ಪೋಸ್ಟ್ ಮಾಸ್ತರರಿಗೆ ಬೆಳಿಗ್ಗೆ ಹತ್ತಕ್ಕೇ ಊಟದ ಹೊತ್ತಾಗುತ್ತಿತ್ತು. ಅತ್ತೆ ಜಗಳಗಂಟಿಯೇನಲ್ಲ. ಪ್ರಶ್ನೆ ಕೇಳುತ್ತಿದ್ದಳು, ಅಷ್ಟೇ.

ಶರಾವತಿ ಅಣೆಕಟ್ಟಿನ ನೀರು ಏರಿ ಅವಳ ಮನೆ, ಗದ್ದೆ ಎಲ್ಲ ಮುಳುಗಿದವು. ಗಂಡನಿಲ್ಲದ, ಮಕ್ಕಳಿಲ್ಲದ ಅತ್ತೆ ನಮ್ಮ ಪಕ್ಕದ ಬಾಡಿಗೆ ಮನೆಗೆ ಬಂದಳು. ಜೊತೆಗೆ ಪರಿಹಾರದ ದುಡ್ಡು. ಗದ್ದೆಯಿದ್ದಾಗ ಗೊರಕೆ ಹೊಡೆಯುತ್ತಿದ್ದವಳಿಗೆ ದುಡ್ಡು ಬಂದ ಮೇಲೆ ನಿದ್ದೆಯೇ ಹೋಯಿತು. ಅಕ್ಕಿ ಡಬ್ಬಿಯಲ್ಲಿಟ್ಟಳು, ಇಲಿ ನೆನಪಾಯಿತು. ಹಾಸಿಗೆಯೊಳಗಿಟ್ಟು ಹೊಲಿದಳು, ಬೆಂಕಿ ನೆನಪಾಯಿತು. ಕೊನೆಗೆ ಸೊಂಟಕ್ಕೇ ಕಟ್ಟಿಕೊಂಡು ತಿರುಗತೊಡಗಿದಳು. ನೆಂಟರ ಮದುವೆಗೆಂದು ತೀರ್ಥಹಳ್ಳಿಗೆ ಹೋದಾಗ ಎಲ್ಲರೂ ಹೊಳೆಗಿಳಿದು ಮಿಂದರೆ ಇವಳು ದಡದಲ್ಲೇ ಕೂತಳು.

"ನೀರಿಗೂ ನಂಗೂ ಆಗಿಬರೋದಿಲ್ಲ ಕಣೆ" ಎಂದಳು. ಸೊಂಟ ನೆನೆಯುತ್ತದೆಂದು ಹೇಳಲಾದೀತೇ?

ಬ್ಯಾಂಕಿಗೆ ನಾನೇ ಕರೆದುಕೊಂಡು ಹೋದೆ.

"ನಾ ಕೊಟ್ಟ ದುಡ್ಡು ಇಲ್ಲೇ ಇರ್ತದಾ?" ಎಂದು ಬ್ಯಾಂಕಿನ ಮುಖ್ಯಸ್ಥರಾದ ಏಜೆಂಟರನ್ನು ಕೇಳಿದಳು.

"ಇಲ್ಲಮ್ಮ, ಬೇರೆಯವ್ರಿಗೆ ಸಾಲ ಕೊಡ್ತೀವಿ. ಅವ್ರು ಕೊಡೋ ಬಡ್ಡಿಯಲ್ಲಿ ನಿಮಗೊಂದು ಪಾಲು."

"ಹಂಗಾದ್ರೆ ಒಂದ್ಸಲ ಅವ್ರ ಮನೆ ನೋಡ್ಕೊಂಡು ಬರ್ಬಹುದಾ?"

ಏಜೆಂಟರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಬಂಗಾರದಂಗಡಿಯಲ್ಲಿ, "ಇವತ್ತು ತಗೊಂಡು ನಾಳೆ ಮಾರಿದ್ರೆ ಇದೇ ರೇಟಾ?" ಎಂದದ್ದಕ್ಕೆ ಉತ್ತರದ ಬದಲು ಕುಡಿಯಲು ನೀರು ಬಂತು.

ಆಮೇಲೆ ಇಸ್ತ್ರಿ ಅಂಗಿಯವನೊಬ್ಬ ಮನೆಗೇ ಬಂದ. ಯಾವುದೋ ಕಂಪನಿಯ ಷೇರಂತೆ, ವರ್ಷದೊಳಗೆ ದುಡ್ಡು ದುಪ್ಪಟ್ಟಂತೆ. ನನಗೇ ಬಾಯಲ್ಲಿ ನೀರೂರಿತು.

"ಅಷ್ಟು ಒಳ್ಳೇದಾ?" ಅತ್ತೆ ಕೇಳಿದಳು.

"ಖಂಡಿತ ತಾಯಿ."

"ನೀವೆಷ್ಟು ಹಾಕಿದೀರಿ?"

ಅವನು ಅರ್ಧ ಕಾಫಿ ಬಿಟ್ಟು ಎದ್ದ. ಹೊಸನಗರದಲ್ಲಿ ಅವನನ್ನು ನಂಬಿದವರು ಈಗ ಅವನನ್ನೇ ಹುಡುಕುತ್ತಿದ್ದಾರೆಂದು ಆಮೇಲೆ ಸುದ್ದಿ ಬಂತು. ಅದನ್ನು ಕೇಳಿ ಅತ್ತೆಗೆ ಹೆಮ್ಮೆಯೇನೂ ಬರಲಿಲ್ಲ, ಜ್ವರ ಬಂತು.

ಜ್ವರ ಬಿಟ್ಟ ಮೇಲೆ ಅರ್ಧ ಬ್ಯಾಂಕಿಗೆ, ಅರ್ಧ ಪೋಸ್ಟಾಫೀಸಿಗೆ ಎಂದು ಗಟ್ಟಿ ಮಾಡಿದಳು. "ಎರಡೂ ಒಟ್ಟಿಗೆ ಮುಳುಗ್ಲಿಕ್ಕಿಲ್ಲ" ಎಂದಳು.

ಪೋಸ್ಟಾಫೀಸಿಗೆ ಹೊರಟ ದಿನ ಅವಳ ಜೊತೆ ಬೆಳ್ಳಿ ಇದ್ದಳು. ಮುಳುಗಿದ ಆ ಗದ್ದೆಯಲ್ಲಿ ವರ್ಷ ವರ್ಷವೂ ನಾಟಿ ಮಾಡಿದವಳು. ಕಾಗದಪತ್ರದಲ್ಲಿ ಹೆಸರಿಲ್ಲದ ಅವಳಿಗೆ ಬಿಡಿಗಾಸೂ ಸಿಕ್ಕಿರಲಿಲ್ಲ.

"ಪಾಸ್‌ಬುಕ್ ಇವಳ ಹೆಸ್ರಿಗೆ ಮಾಡಿ" ಎಂದಳು ಅತ್ತೆ.

ನಾನು ಬೆರಗಾದೆ. ಮಾಸ್ತರರು ತಲೆಯೆತ್ತಿ, "ಇವ್ರು ನಿಮಗೆ ಏನಾಗ್ಬೇಕು?" ಎಂದರು.

"ಗದ್ದೆ ನಂದು ಅಂತ ಬರೆದಿತ್ತು. ಭತ್ತ ಬೆಳೆದವಳು ಇವಳು."

ಬೆಳ್ಳಿ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸಿಕೊಂಡಳು, ಒತ್ತಲು ಮಾತ್ರ ಹೆದರಿದಳು. "ಅಮ್ಮಾ, ಇದೂ ಮುಳುಗಿದ್ರೆ?"

ಪ್ರಶ್ನೆ ಕೇಳಿಯಷ್ಟೇ ಗೊತ್ತಿದ್ದ ಅತ್ತೆ ಈಗ ಉತ್ತರ ಹೇಳಬೇಕಾಗಿತ್ತು. ಬೆಳ್ಳಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕಾಗದದ ಮೇಲೆ ಒತ್ತಿಸಿದಳು.

"ಮುಳುಗಿದ್ರೆ ನಮ್ಮನೆಗೆ ಬಂದ್ಬಿಡೆ. ನಾನೂ ಒಬ್ಳೇ ಉಣ್ತಿದೀನಿ."