ಹೆಚ್ಚುಕಮ್ಮಿಗೊಂದು ವಿಮೆ

ಧೈರ್ಯಸ್ಥ ಎಂದು ಹೆಸರು ಮಾಡುವುದು ಬಹಳ ಸುಲಭ. ಮನೆ ಬಿಟ್ಟು ಎಲ್ಲಿಗೂ ಹೋಗದಿದ್ದರೆ ಸಾಕು. ನಾನು ಹಾಗೆಯೇ ಹೆಸರು ಮಾಡಿದವನು. ದಾವಣಗೆರೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ, ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆ, ಎರಡರ ನಡುವೆ ಒಂದು ಮುದಿ ಸ್ಕೂಟರು. ಹೆಚ್ಚೆಂದರೆ ಭಾನುವಾರ ಹರಿಹರ. ಅಲ್ಲಿ ಅಕ್ಕನ ಮನೆಯಲ್ಲಿ ಅವ್ವ ಇದ್ದಾಳೆ. ಇಂಥ ನನ್ನನ್ನು ಸಮುದ್ರಕ್ಕೆ ಎಳೆದವಳು ಆ ಅವ್ವನೇ.

ಅವಳ ವಾದ ಸರಳ. ಹುಟ್ಟಿದಾಗಿನಿಂದ ತುಂಗಭದ್ರೆಯ ದಂಡೆಯಲ್ಲಿದ್ದಾಳೆ, ದಿನಾ ನೀರು ಹೋಗುವುದನ್ನು ನೋಡುತ್ತಾಳೆ, ಅದು ಹೋಗಿ ಸೇರುವ ಜಾಗವನ್ನು ಮಾತ್ರ ನೋಡಿಲ್ಲ. ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ಕ್ರೂಸ್ ಹಡಗನ್ನು ಯಾರೋ ಮೊಬೈಲಿನಲ್ಲಿ ತೋರಿಸಿದ್ದೇ ತಡ, "ಹಡಗ್ನಾಗೆ ಮಲಗಾಕೆ ಮಂಚ ಐತಂತೆ, ನಡಿಯೋ" ಎಂದಳು. ನಮ್ಮ ಹೊಳೆ ಸೇರುವುದು ಬಂಗಾಳ ಕೊಲ್ಲಿಯನ್ನು, ಈ ಹಡಗು ಓಡುವುದು ಅರಬ್ಬಿ ಸಮುದ್ರದಲ್ಲಿ ಎಂದು ನಾನು ಭೂಗೋಳ ಬಿಚ್ಚಿದೆ. "ಸಮುದ್ರದಾಗೆ ನಡುವೆ ಗ್ವಾಡೆ ಕಟ್ಯಾರೇನು?" ಎಂದಳು. ಅಲ್ಲಿಗೆ ನನ್ನ ಭೂಗೋಳ ಮುಗಿಯಿತು. ಹರಿಹರದ ಬಸ್ಸಿನಲ್ಲೇ ನಿಂಬೆಹಣ್ಣು ಮೂಸುತ್ತಾ ಕೂರುವ ನನ್ನ ಹೆಂಡತಿ, ತಾಯಿ ಮಗ ಇಬ್ಬರೇ ಹೋಗಿಬನ್ನಿ ಎಂದು ಆಶೀರ್ವಾದ ಮಾಡಿ ತಪ್ಪಿಸಿಕೊಂಡಳು.

ಟಿಕೆಟ್ಟಿನ ಬೆನ್ನಿಗೇ ಬಂತು ಪ್ರಶ್ನೆ: ಪ್ರಯಾಣ ವಿಮೆ ಬೇಕೋ, ಬೇಡವೋ? ಅವ್ವನಿಗೆ ಗೊತ್ತಿರುವ ವಿಮೆ ಒಂದೇ. ಸೇತುವೆ ದಾಟುವಾಗ ಹೊಳೆಗೊಂದು ನಾಣ್ಯ ಹಾಕಿ ಕೈಮುಗಿಯುವುದು. ರಾಣೆಬೆನ್ನೂರಿಗೆ ಮದುವೆಗೆ ಹೋಗುವಾಗಲೂ ಬಸ್ಸಿನ ಕಿಟಕಿಯಿಂದ ಅದು ಆಗಲೇಬೇಕು. ನಾನು ನಗುತ್ತಿದ್ದೆ. ಈಗ ನಗು ಬರಲಿಲ್ಲ. ಊರಿಗೆಲ್ಲ ಸಣ್ಣ ಅಕ್ಷರ ಕಾಣುವಂತೆ ಮಾಡುವುದು ನನ್ನ ಕಸುಬು. ಅಂಗಡಿಯ ಭೂತಗನ್ನಡಿ ಹಿಡಿದು ಷರತ್ತುಗಳನ್ನು ಓದಿದೆ. ಜಾರಿ ಬಿದ್ದರೆ, ಜ್ವರ ಬಂದರೆ, ಚೀಲ ಕಳೆದರೆ, ಎಲ್ಲಕ್ಕೂ ಪರಿಹಾರವಿತ್ತು. ಕೊನೆಯಲ್ಲಿ, ಪ್ರಯಾಣಿಕರು ಮರಣ ಹೊಂದಿದಲ್ಲಿ ಪಾರ್ಥಿವ ಶರೀರವನ್ನು ಸ್ವಂತ ಊರಿಗೆ ತಲುಪಿಸಲಾಗುವುದು ಎಂದಿತ್ತು. ಭೂತಗನ್ನಡಿ ಕೆಳಗಿಟ್ಟೆ.

ಅವ್ವ ಎಪ್ಪತ್ತು ದಾಟಿದವಳು, ಹೋದ ವರ್ಷ ಎದೆನೋವೆಂದು ಆಸ್ಪತ್ರೆ ಕಂಡು ಬಂದವಳು. ವಿಮೆ ಮಾಡಿಸಿದರೆ ಬಾಯಾರೆ ಕೆಟ್ಟದ್ದನ್ನು ಕರೆದ ಹಾಗೆ. ಮಾಡಿಸದೆ ನಡುನೀರಿನಲ್ಲಿ ಏನಾದರೂ ಆದರೆ? ಹೊರಟವರನ್ನು ಎಲ್ಲಿಗೆ ಎಂದೂ ಕೇಳಬಾರದು ಎನ್ನುವ ಜನ ನಾವು. 'ಹೋಗ್ತೀನಿ' ಅನ್ನುವುದಿಲ್ಲ, 'ಹೋಗಿಬರ್ತೀನಿ' ಅನ್ನುತ್ತೇವೆ. ಇಂಥ ನಾಲಿಗೆಯಲ್ಲಿ ಆ ಷರತ್ತನ್ನು ಅವಳೆದುರು ಹೇಗೆ ಓದುವುದು? ಟಿಕೆಟ್ಟನ್ನೇ ರದ್ದು ಮಾಡಿಬಿಡೋಣ ಅನ್ನಿಸಿತು. ನಿಜ ಹೇಳುತ್ತೇನೆ, ಅವಳನ್ನು ಕಳೆದುಕೊಳ್ಳುವ ಭಯ ನನಗೆ. ಸಂತೆಯಲ್ಲಿ ಸೆರಗು ಹಿಡಿದುಕೊಂಡು ಓಡಾಡಿದಾಗ ಇದ್ದ ಭಯವೇ, ತಲೆ ನರೆತರೂ ಹೋಗಿಲ್ಲ.

ಕೊನೆಗೆ ನನ್ನ ಗಿರಾಕಿಯೇ ಆದ ವಿಮೆ ಏಜೆಂಟ್ ಬಸವರಾಜನನ್ನು ಹರಿಹರಕ್ಕೆ ಕರೆದುಕೊಂಡು ಹೋದೆ. ಅವ್ವ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಸಾವು ಎಂಬ ಮಾತನ್ನು ಒಮ್ಮೆಯೂ ಆಡದೆ ಪಾಲಿಸಿ ಮಾರುವುದು ಬಸವರಾಜನ ಕಲೆ.

"ನೋಡ್ರಿ ಅಮ್ಮಾರೆ, ದೇವ್ರು ದೊಡ್ಡೋನು. ಅಕಸ್ಮಾತ್ ಏನಾರ ಹೆಚ್ಚುಕಮ್ಮಿ ಆತು ಅಂದ್ರೆ..."

"ಹೆಚ್ಚುಕಮ್ಮಿ ಅಂದ್ರೆ ಸಾಯಾದಾ?" ಅವ್ವ ಕೇಳಿದಳು.

ಬಸವರಾಜ ನನ್ನನ್ನು ನೋಡಿದ. ನಾನು ಫ್ಯಾನು ನೋಡಿದೆ.

"ಹಂಗೂ... ಅನ್ಬೌದ್ರಿ."

"ಸತ್ರೆ ಏನ್ ಮಾಡ್ತಾರೆ? ಸಮುದ್ರಕ್ಕೆ ಒಗೀತಾರಾ?"

"ಛೆ ಛೆ, ಊರಿಗೇ ತಂದು ಮುಟ್ಟಿಸ್ತಾರ್ರಿ. ಪಾಲಿಸ್ಯಾಗೇ ಐತೆ."

ಅವ್ವನ ಕೈ ನಿಂತಿತು. "ಇಲ್ಲಿಗಾ? ನಮ್ಮ ಹೊಲದಾಗೆ, ಇವರಪ್ಪನ ಮಗ್ಗಲಿಗಾ?"

"ನೀವು ಎಲ್ಲಿ ಅಂತೀರೋ ಅಲ್ಲಿಗ್ರಿ."

"ಹಂಗಾರೆ ಮಾಡ್ಸು. ಅದೊಂದು ಎದಿಯಾಗೆ ಕುಂತಿತ್ತು. ಇವನತ್ರ ಹೇಳಿದ್ರೆ ಹೆದರ್ಕ್ಯಂತಾನೆ ಅಂತ ಸುಮ್ನಿದ್ದೆ" ಎಂದು ಅವ್ವ ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ನಾನು ಕನ್ನಡಕ ತೆಗೆದು, ಗಾಜು ಒರೆಸುವ ನೆಪದಲ್ಲಿ ಬೇರೆ ಏನನ್ನೋ ಒರೆಸಿಕೊಂಡೆ. "ನಿಮ್ದೂ ಮಾಡ್ಸಾನೇನ್ರಿ?" ಎಂದ ಬಸವರಾಜ. "ನನಗೇನಾಗ್ತೈತೆ ಮಾರಾಯ, ಬ್ಯಾಡ" ಎಂದು ಗತ್ತಿನಿಂದ ಹೇಳಿದೆ. ಅವ್ವ ನನ್ನತ್ತ ಒಮ್ಮೆ ನೋಡಿದಳು.

ಹೊರಡುವ ದಿನ ನಾನು ದಾವಣಗೆರೆಯಲ್ಲಿ ಹತ್ತಿ ಬಂದ ಮುಂಬೈ ರೈಲನ್ನು ಅವ್ವ ಹರಿಹರದಲ್ಲಿ ಹತ್ತಿದಳು. ಸ್ವಲ್ಪ ಹೊತ್ತಿಗೇ ಸೇತುವೆ. ಸೆರಗಿನ ಗಂಟು ಬಿಚ್ಚಿ ನಾಣ್ಯ ತೆಗೆದಳು. ಅವಳ ಸುಖಕ್ಕೆಂದು ನಾನು ಟಿಕೆಟ್ ತೆಗೆಸಿದ್ದು ಎಸಿ ಬೋಗಿಗೆ, ಅದರ ಕಿಟಕಿ ತೆರೆಯುವುದಿಲ್ಲ. ಗಾಜಿನಾಚೆ ಹೊಳೆ ಕಾಣುತ್ತಿದೆ, ಕೈಯಲ್ಲಿ ನಾಣ್ಯ ಹಾಗೇ ಇದೆ. ಅವ್ವನ ಮುಖ ಸಣ್ಣಗಾಯಿತು. "ಬಾಗ್ಲಿಗೆ ಹೋಗಿ ಹಾಕ್ಬಾರೋ, ಹೊಳೆ ದಾಟಿಹೋಗ್ತೈತೆ!"

ನಾಣ್ಯ ತೆಗೆದುಕೊಂಡು ಓಡಿದೆ. ಬಾಗಿಲ ಕಂಬಿಯನ್ನು ಭದ್ರವಾಗಿ ಹಿಡಿದು, ತಾಯೀ, ನಮ್ಮವ್ವನನ್ನು ಹೋದ ಹಾಗೆಯೇ ವಾಪಸ್ ತಂದುಬಿಡು ಎಂದು ಎಸೆದೆ. ಇಷ್ಟು ವರ್ಷ ನಕ್ಕಿದ್ದ ನಾನು ಕಣ್ಣು ಮುಚ್ಚಿ ಕೈಯನ್ನೂ ಮುಗಿದೆ, ಒಂದೇ ಕೈ. ಇನ್ನೊಂದು ಕಂಬಿ ಬಿಡಲಿಲ್ಲ.

"ನೀರಿಗೇ ಬಿತ್ತಾ?"

"ಬಿತ್ತವ್ವ. ನಿನ್ನ ಹೆಸರು ಹೇಳೇ ಹಾಕಿದೆ."

ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದಾ! ನಂದು ಬಸವರಾಜ ಮಾಡ್ಯಾನಲ್ಲೋ. ವಿಮೆ ಇಲ್ದೋನು ನೀನು. ನಿಂಗೆ ಅಂತ ಕಟ್ಕಂಡು ಬಂದಿದ್ದೆ ಅದನ್ನ."

ಅಷ್ಟರಲ್ಲಿ ಹೊಳೆ ಹಿಂದೆ ಉಳಿದಿತ್ತು. ಹೀಗಾಗಿ ಆ ಪ್ರಯಾಣಕ್ಕೆ ಅವ್ವನ ಹೆಸರಿನಲ್ಲಿ ಎರಡು ವಿಮೆ, ನನ್ನ ಹೆಸರಿನಲ್ಲಿ ಒಂದೂ ಇಲ್ಲ. ಅವಳು ಸರಿದು ಕೂತು, ಮುಂಬೈ ಬರುವವರೆಗೂ ನನ್ನ ತೋಳು ಬಿಡಲಿಲ್ಲ. ಧೈರ್ಯಸ್ಥನೆಂದು ಹೆಸರಾದ ನಾನೂ ಬಿಡಿಸಿಕೊಳ್ಳಲಿಲ್ಲ.