ಮೌನಕ್ಕೆ ಹಿಮ್ಮೇಳ

ಅರವತ್ತೈದರ ಯುದ್ಧ ಮುಗಿದ ಮರುವರ್ಷ, ಮಡಿದ ಯೋಧರ ಸ್ಮರಣೆಗೆ ಹರಿಹರದಲ್ಲಿ ಸಭೆ ಏರ್ಪಟ್ಟಿತು. ಗೀತೆ ಹಾಡಿಸುವ ಹೊಣೆ ದಾವಣಗೆರೆಯ ನಮ್ಮ ಭಜನಾ ಮಂಡಳಿಗೆ, ಅಂದರೆ ನನಗೆ ಬಂತು. ಮಂಡಳಿಯ ಹಾರ್ಮೋನಿಯಂ ನನ್ನದು. ಆದ್ದರಿಂದ ಮುಖ್ಯ ಗಾಯಕನೂ ನಾನೇ. ಪ್ರತಿಭೆಗೆ ಬೇರೆ ಪುರಾವೆ ಬೇಕೆ!

ಭಜನೆಯ ಕ್ರಮ ಸರಳ. ನಾನು ಏನು ಹೇಳುತ್ತೇನೋ ಉಳಿದವರು ಅದನ್ನೇ ಹೇಳುತ್ತಾರೆ. ಯೋಚಿಸುವ ದುರಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ.

"ಅದು ಭಜನಿ ಅಲ್ಲ, ನೆಪ್ಪಿರ್ಲಿ. ಎಲ್ಲಿ ನಿಲ್ಲಿಸ್ಬೇಕು ಅಂತ ಮಂದಿಗೆ ಮೊದ್ಲೇ ಹೇಳ್ರಿ," ಎಂದಳು ಹೆಂಡತಿ.

"ನಂಗೆ ಸಂಗೀತ ಕಲಿಸಬ್ಯಾಡ," ಎಂದೆ.

ಸಭೆಯ ದಿನ ಮುಂದಿನ ಸಾಲಿನಲ್ಲಿ ಕಡರನಾಯಕನಹಳ್ಳಿಯ ಗಂಗಮ್ಮ ಕೂತಿದ್ದರು. ಮಗನನ್ನು ಗಡಿಯಲ್ಲಿ ಕಳೆದುಕೊಂಡವರು. ಗೀತೆ ಮುಗಿದೊಡನೆ ಅವನ ಹೆಸರಿನಲ್ಲಿ ಮೌನ. ಅದಕ್ಕಾಗಿಯೇ ಆಕೆ ಬಿಸಿಲಲ್ಲಿ ನಡೆದು ಬಂದಿದ್ದರು. ಕೇಳಿ ನನಗೂ ಸಂಕಟವಾಯಿತು.

ಹಾಡು ಶುರುವಾಯಿತು. ಸಭಿಕರೂ ದನಿಗೂಡಿಸಿದರು. ಊರಿಗೆ ಊರೇ ನನ್ನ ಹಿಂದೆ! ಕೊನೆಯ ಸಾಲಾಯಿತು. ಅಧ್ಯಕ್ಷರು ಎದ್ದು ಮೌನಕ್ಕೆ ಸನ್ನೆ ಮಾಡಿದರು. ನಮ್ಮವರು ಮಾತ್ರ ಕಣ್ಣು ಮುಚ್ಚಿ ತಾಳ ಕುಟ್ಟುತ್ತಲೇ ಇದ್ದರು. ಮಂಗಳ ಹಾಡುವ ತನಕ ತಾಳ ನಿಲ್ಲಿಸುವ ಪದ್ಧತಿ ಮಂಡಳಿಯಲ್ಲಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ಮಂಗಳ ಹಾಡುವ ಧೈರ್ಯ ನನಗಿಲ್ಲ.

ಯಾರಿಗೂ ಗೊತ್ತಾಗದಿರಲೆಂದು ರಾಗವಾಗಿಯೇ ಎಚ್ಚರಿಸಿದೆ. ಮೈಕಿನಲ್ಲಿ!

"ಸಾಕು ನಿಲ್ಸ್ರಪ್ಪಾ!"

"ಸಾಕು ನಿಲ್ಸ್ರಪ್ಪಾ!" ಎಂದಿತು ಮಂಡಳಿ, ಅದೇ ರಾಗದಲ್ಲಿ.

"ಬಾಯಿ ಮುಚ್ರೋ!"

"ಬಾಯಿ ಮುಚ್ರೋ!" ಎಂದಿತು ಇಡೀ ಸಭೆ, ಭಕ್ತಿಯಿಂದ.

"ಅಯ್ಯೋ ದೇವ್ರೇ, ನನ್ ಮಾನ ಹೋತು!"

ಇದನ್ನು ಎರಡೆರಡು ಸಲ ಹಾಡಿದರು. ಪಲ್ಲವಿ ಎಂದುಕೊಂಡಿರಬೇಕು.

ಆಗ ಗಂಗಮ್ಮ ಎದ್ದು ನಿಂತರು. ತಾಳ ತಾನಾಗಿ ನಿಂತಿತು. ಆಕೆಯ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆ.

"ತಪ್ಪಾತವ್ವಾ," ಎಂದು ಕೈ ಮುಗಿದೆ.

"ನನ್ ಮಗ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ದ ನೋಡಪಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಗುತ್ತಿದ್ದರು, ಅಳುತ್ತಲೂ ಇದ್ದರು. ಆಮೇಲೆ ಎಲ್ಲರತ್ತ ತಿರುಗಿ, "ಈಗ ಒಂದೀಟು ಸುಮ್ಕಿರ್ರಿ," ಎಂದರು.

ಆ ಮಾತನ್ನು ಯಾರೂ ತಿರುಗಿ ಹಾಡಲಿಲ್ಲ. ಅಂಥ ಮೌನವನ್ನು ನಾನು ಮತ್ತೆ ಕೇಳಿಲ್ಲ.

"ಹೆಂಗಾತ್ರೀ?" ಎಂದಳು ಹೆಂಡತಿ, ಮನೆಗೆ ಬಂದಾಗ.

"ಮೌನ ಬಾಳ ಚಲೋ ಆತು."

"ಅದನ್ನ ನೀವು ಹಾಡಿರಲಿಲ್ಲ ಅಲ್ರೀ, ಅದಕ್ಕೆ!"